ಸುಳ್ಳು ತಿಳಿದ ಮೇಲೂ ಅಂಗಡಿ ನಡೆಸಿದ್ದು: ಇಂಗ್ಲೆಂಡಿನಲ್ಲಿ ವ್ಯಾಪಾರ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಎರಡು ವರ್ಷಗಳ ಹಿಂದೆ ನಾನು ಲೆಸ್ಟರ್ ನಗರದಲ್ಲಿ ಒಂದು ಪುಟ್ಟ ಟೇಕ್‌ಅವೇ ಅಂಗಡಿಯನ್ನು, ಅದರ ಲೀಸ್, ಪಾತ್ರೆ, ಒಲೆ, ಹೆಸರು ಎಲ್ಲ ಸೇರಿಸಿ 38,000 ಪೌಂಡಿಗೆ ಕೊಂಡೆ. ಮಾರಿದವರು ಯಾರೆಂದು ಬರೆಯುವುದಿಲ್ಲ. ನಮ್ಮ ರಾಜಿಯ ಷರತ್ತುಗಳಲ್ಲಿ ಅದೂ ಒಂದು. ವಾರಕ್ಕೆ 4,000 ಪೌಂಡ್ ವ್ಯಾಪಾರವಿದೆ ಎಂದು ಅವರು ಹೇಳಿದ್ದರು. ಗಲ್ಲಾದ ಕೆಳಗಿನಿಂದ ನೀಲಿ ರಟ್ಟಿನ ಪುಸ್ತಕವೊಂದನ್ನು ತೆಗೆದು, ಪ್ರತಿ ಭಾನುವಾರ ರಾತ್ರಿ ಬರೆದದ್ದೆಂದು ಹೇಳಿ, ಒಂದೊಂದೇ ಮೊತ್ತದ ಮೇಲೆ ಬೆರಳಿಟ್ಟು ತೋರಿಸಿದರು. ಒಂದು ವರ್ಷದ ಬರಹವೆಲ್ಲ ಒಂದೇ ಶಾಯಿಯಲ್ಲಿ, ಒಂದೇ ಒತ್ತಿನಲ್ಲಿ ಇತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ನಾನು ಯೋಚಿಸಲಿಲ್ಲ. ಅನುಮಾನವಿದ್ದರೆ ಲೆಕ್ಕಿಗರ ಬಳಿ ಬ್ಯಾಂಕಿನ ಕಾಗದಗಳಿವೆ, ಹೋಗಿ ನೋಡಬಹುದು ಎಂದೂ ಹೇಳಿದರು. ನಾನು ಹೋಗಲಿಲ್ಲ.

ಮೂರನೆಯ ವಾರ ಅಕ್ಕಿ ಹಾಕುವವನು ನನ್ನ ಆರ್ಡರ್ ಚೀಟಿ ನೋಡಿ ಹುಬ್ಬೇರಿಸಿದ. ಹಿಂದಿನವರು 20 ಕಿಲೋದ ಒಂದು ಚೀಲವನ್ನು ಹದಿನೈದು ದಿನ ನಡೆಸುತ್ತಿದ್ದರಂತೆ. ಮಾರುವುದೆಲ್ಲ ಇಡ್ಲಿ, ದೋಸೆ, ಅನ್ನವೇ ಆಗಿರುವ ಅಂಗಡಿಯಲ್ಲಿ ಅಷ್ಟು ಅಕ್ಕಿಯಿಂದ ಹದಿನೈದು ದಿನಕ್ಕೆ 8,000 ಪೌಂಡ್ ಹೇಗೆ ಹುಟ್ಟೀತೆಂದು ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಎಷ್ಟು ಎಳೆದರೂ ಮೊತ್ತ ಮೂರರಲ್ಲಿ ಒಂದು ಪಾಲನ್ನು ದಾಟಲಿಲ್ಲ.

ನನ್ನ ದೊಡ್ಡ ತಪ್ಪು ನಡೆದದ್ದು ಇದರ ನಂತರ. ಮೈಸೂರಿನಲ್ಲಿ ವಕೀಲರಾಗಿರುವ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಕಾಗದ ನೋಡು ಅಂತ ಅವರೇ ಹೇಳಿದ್ದರಲ್ಲಪ್ಪ, ನೀನೇ ನೋಡಲಿಲ್ಲ. ಇನ್ನು ಕೇಸು ನಿಲ್ಲೋದು ಕಷ್ಟ" ಎಂದರು. ಅವರು ಹೇಳಿದ್ದು ಭಾರತದ ಮಟ್ಟಿಗೆ ಆಧಾರವಿಲ್ಲದ ಮಾತಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 19ನೇ ಕಲಮಿನ ಪ್ರಕಾರ, ಸಾಧಾರಣ ಎಚ್ಚರದಿಂದ ನಿಜವನ್ನು ಕಂಡುಕೊಳ್ಳುವ ದಾರಿ ಇದ್ದವನು ತಪ್ಪು ನಿರೂಪಣೆಯ (ನಿಜವಲ್ಲದ ಮಾತು ಹೇಳಿ ಒಪ್ಪಿಸಿದರೆಂಬ) ನೆಪದಲ್ಲಿ ಕರಾರನ್ನು ರದ್ದುಪಡಿಸುವಂತಿಲ್ಲ. (ಬೇಕೆಂದೇ ಸುಳ್ಳು ಹೇಳಿ ಮಾಡಿದ ಮೋಸವಾದರೆ ಅಲ್ಲಿಯೂ ಮಾತು ಬೇರೆ.) ಆದರೆ ನಾನಿದ್ದದ್ದು ಲೆಸ್ಟರಿನಲ್ಲಿ. 1881ರ ರೆಡ್‌ಗ್ರೇವ್ ವಿರುದ್ಧ ಹರ್ಡ್ ಮೊಕದ್ದಮೆಯಲ್ಲಿ ವಯಸ್ಸಾದ ಸಾಲಿಸಿಟರ್ (ಅಲ್ಲಿಯ ವಕೀಲ) ಒಬ್ಬ ತನ್ನ ಮನೆಯನ್ನೂ ವೃತ್ತಿಯಲ್ಲಿ ಪಾಲನ್ನೂ ಮಾರುವಾಗ ವೃತ್ತಿಯ ವರಮಾನವನ್ನು ಹಿಗ್ಗಿಸಿ ಹೇಳಿದ್ದ, ಕಾಗದದ ಕಟ್ಟನ್ನೂ ಮುಂದಿಟ್ಟಿದ್ದ, ಕೊಳ್ಳುವವನು ಅದನ್ನು ಪರಿಶೀಲಿಸಿರಲಿಲ್ಲ. ಆದರೂ ಆ ಮಾತನ್ನು ನಂಬಿದವನಿಗೆ ಕರಾರನ್ನು ಮುರಿಯುವ ಹಕ್ಕಿದೆ ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ನೂರು ವರ್ಷಕ್ಕೂ ಹಳೆಯ ಈ ತೀರ್ಪಿನ ವಿಷಯ ನನಗೆ ತಿಳಿದದ್ದು ನಾಲ್ಕು ತಿಂಗಳ ನಂತರ.

ಆ ನಾಲ್ಕು ತಿಂಗಳು ನಾನು ಅಂಗಡಿ ನಡೆಸಿದೆ. ಬೋರ್ಡಿಗೆ ಹೊಸ ಬಣ್ಣ ಹೊಡೆಸಿದೆ. ಡೀಪ್ ಫ್ರೈಯರ್ ಕೆಟ್ಟಾಗ ಮಾರಿದವರಿಗೇ ಫೋನ್ ಮಾಡಿದೆ. ಅವರು ರಿಪೇರಿಯ ಅರ್ಧ ಹಣ ಕೊಡುತ್ತೇನೆಂದರು; ಇಷ್ಟಾದರೂ ಕೊಟ್ಟರಲ್ಲ ಎಂದು ತೆಗೆದುಕೊಂಡೆ. ವ್ಯಾಪಾರದ ಸುಳ್ಳಿನ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ.

ಕೊನೆಗೆ ಸಾಲಿಸಿಟರ್ ಬಳಿ ಹೋದಾಗ ಆಕೆ ನನ್ನ ಕಥೆಯನ್ನೆಲ್ಲ ಕೇಳಿ, ಫ್ರೈಯರಿನ ಮಾತು ಬಂದಾಗ ಪೆನ್ನು ಕೆಳಗಿಟ್ಟರು. 1958ರಲ್ಲಿ ತೀರ್ಪಾದ ಲಾಂಗ್ ವಿರುದ್ಧ ಲಾಯ್ಡ್ ಎಂಬ ಮೊಕದ್ದಮೆ ಬಹುಪಾಲು ನನ್ನದೇ ಕಥೆ. ಅತ್ಯುತ್ತಮ ಸ್ಥಿತಿಯಲ್ಲಿದೆ ಎಂದು ನಂಬಿಸಿ 750 ಪೌಂಡಿಗೆ ಮಾರಿದ ಲಾರಿ ಕೆಡತೊಡಗಿತು. ಮಾರಿದವನು ಡೈನಮೋದ ಅರ್ಧ ಖರ್ಚು ಕೊಡಲು ಒಪ್ಪಿದ, ಕೊಂಡವನು ಅದಕ್ಕೆ ತಲೆಯಾಡಿಸಿ ಲಾರಿಯನ್ನು ಮತ್ತೊಮ್ಮೆ ದುಡಿಮೆಗೆ, ಈ ಸಲ ಮಿಡಲ್ಸ್‌ಬರೋ ಊರಿಗೆ ಕಳಿಸಿದ, ಅದು ದಾರಿಯಲ್ಲಿ ನಿಂತಿತು. ದೋಷ ತಿಳಿದ ಮೇಲೂ ಲಾರಿಯನ್ನು ದುಡಿಸಿದ್ದರಿಂದ ಅವನು ಕರಾರನ್ನು ಒಪ್ಪಿಕೊಂಡಂತಾಯಿತು, ಇನ್ನು ಹಿಂದಿರುಗಿಸುವಂತಿಲ್ಲ ಎಂದಿತು ನ್ಯಾಯಾಲಯ. ಸುಳ್ಳಿನಿಂದ ಹುಟ್ಟಿದ ಕರಾರು ಇಂಗ್ಲಿಷ್ ಕಾನೂನಿನಲ್ಲಿ ತಾನಾಗಿಯೇ ಸಾಯುವುದಿಲ್ಲ. ಮೋಸಹೋದವನು ಬೇಡವೆಂದು ಹೇಳುವವರೆಗೂ ಅದು ಜೀವಂತವಾಗಿರುತ್ತದೆ. ಬೇಡವೆನ್ನಲು ಕೋರ್ಟಿನ ತನಕ ಹೋಗಬೇಕಾದ ಅಗತ್ಯವೂ ಇಲ್ಲ. 1960ರ ದಶಕದ ಕಾಲ್ಡ್‌ವೆಲ್ ಮೊಕದ್ದಮೆಯಲ್ಲಿ ಕಾರು ಮಾರಿ ಸುಳ್ಳು ಚೆಕ್ ಪಡೆದವನಿಗೆ ಮೋಸಗಾರನ ಸುಳಿವೇ ಸಿಗಲಿಲ್ಲ. ಅವನು ತಕ್ಷಣ ಪೊಲೀಸರಿಗೂ ಆಟೊಮೊಬೈಲ್ ಅಸೋಸಿಯೇಷನ್ ಎಂಬ ವಾಹನ ಚಾಲಕರ ಸಂಘಕ್ಕೂ ತಿಳಿಸಿದ್ದ, ಕರಾರು ಮುರಿಯಲು ಅಷ್ಟೇ ಸಾಕಾಯಿತು. ನನ್ನ ಬಳಿ ಮಾರಿದವರ ಮೊಬೈಲ್ ನಂಬರೂ, ಮನೆ ವಿಳಾಸವೂ ಇದ್ದವು.

ಉಳಿದದ್ದು ನಷ್ಟಪರಿಹಾರದ ದಾರಿ. ಅಂಗಡಿಯನ್ನು ಒಪ್ಪಿಕೊಂಡರೂ ಆ ಹಕ್ಕು ಹೋಗುವುದಿಲ್ಲ. 1967ರ ಮಿಸ್‌ರೆಪ್ರೆಸೆಂಟೇಷನ್ ಆಕ್ಟ್ (ತಪ್ಪು ನಿರೂಪಣೆಯ ಕಾಯಿದೆ) ಎಂಬುದರ 2(1)ನೇ ಕಲಮಿನ ಪ್ರಕಾರ, ಹೇಳಿದ್ದು ಸುಳ್ಳೆಂದು ನಾವು ತೋರಿಸಿದರೆ, ಕರಾರಾಗುವ ಹೊತ್ತಿನವರೆಗೂ ಅದನ್ನು ನಿಜವೆಂದು ನಂಬಲು ತಕ್ಕ ಕಾರಣವಿತ್ತೆಂದು ಸಾಬೀತುಪಡಿಸುವ ಹೊಣೆ ಮಾರಿದವರದು. ಒಂದೇ ಸಲಕ್ಕೆ ಕೂತು ಬರೆದಂತಿದ್ದ ನೀಲಿ ಪುಸ್ತಕ ಕೆಲಸಕ್ಕೆ ಬಂದದ್ದು ಇಲ್ಲಿ. "ಎದುರಿಗೆ ವಿದ್ಯಾರ್ಥಿಗಳ ಹಾಸ್ಟೆಲ್ ಬಂದರೆ ವ್ಯಾಪಾರ ಏರುತ್ತದೆ" ಎಂದು ಮಾರಿದವರು ಹೇಳಿದ್ದ ಮಾತನ್ನು ಸಾಲಿಸಿಟರ್ ಬದಿಗಿಟ್ಟರು. ಅದು ಬರೀ ಅನಿಸಿಕೆ, ನಡೆದದ್ದರ ಬಗ್ಗೆ ಹೇಳಿದ ಸುಳ್ಳಲ್ಲ. ಕರಾರಿನ ಹನ್ನೊಂದನೆಯ ಪುಟದಲ್ಲಿ, ಕೊಳ್ಳುವವನು ಮಾರುವವರ ಯಾವ ಮಾತನ್ನೂ ನಂಬಿ ಸಹಿ ಹಾಕಿಲ್ಲ ಎಂಬ ಸಾಲಿತ್ತು. ನಾನು ಓದದೆ ಸಹಿ ಹಾಕಿದ್ದೆ. ಅಂಥ ಸಾಲು ನ್ಯಾಯವಾದದ್ದೇ ಎಂದು ಅದೇ ಕಾಯಿದೆಯ 3ನೇ ಕಲಮಿನಡಿ ಒರೆಗೆ ಹಚ್ಚಬಹುದು, ಆದರೆ ಫಲ ಏನಾಗುವುದೋ ಹೇಳಲಾಗದು, ಕೋರ್ಟಿನ ಖರ್ಚು ಮಾತ್ರ ಖಚಿತ ಎಂದರು. 14,000 ಪೌಂಡಿಗೆ ರಾಜಿಯಾದೆ.

ಹೀಗೆ ಸಿಕ್ಕಿಬಿದ್ದವರು, ನಿಜ ತಿಳಿದ ದಿನವೇ, ಇಂಥ ಮಾತು ಸುಳ್ಳೆಂದು ತಿಳಿದುಬಂದಿದೆ, ಕರಾರನ್ನು ನಾನು ರದ್ದುಪಡಿಸುತ್ತಿದ್ದೇನೆ, ಹಣ ಹಿಂದಿರುಗಿಸಿ ಎಂದು ತಾರೀಖು ಹಾಕಿ ಬರೆದು ಕಳಿಸಿ, ಮರುದಿನವೇ ಇಲ್ಲಿಯ ಸಾಲಿಸಿಟರ್ ಒಬ್ಬರನ್ನು ಕಾಣಿರಿ. ಅಂಗಡಿಯನ್ನು ಮುಂದೆ ಏನು ಮಾಡಬೇಕೆಂಬುದನ್ನು ಅವರನ್ನು ಕೇಳದೆ ತೀರ್ಮಾನಿಸಬೇಡಿ. ನನ್ನ ಲೀಸ್ ಇನ್ನೂ ನಾಲ್ಕು ವರ್ಷ ಇದೆ. ಮೂರು ತಿಂಗಳ ಬಾಡಿಗೆಯ ಮುಂದಿನ ಕಂತು ಡಿಸೆಂಬರ್ 25ಕ್ಕೆ.