ಅಲರ್ ನಿಘಂಟು: ಪುಕ್ಕಟೆ ಸಿಗುತ್ತದೆ, ಪುಕ್ಕಟೆ ಆಗಿದ್ದಲ್ಲ

ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಹುಡುಕುವವರಿಗೆ ಅಲರ್‌ಗಿಂತ ಒಳ್ಳೆಯ ತಾಣ ಇವತ್ತಿಗೆ ನನಗೆ ಗೊತ್ತಿಲ್ಲ. ಐದಕ್ಕೆ ನಾಲ್ಕು ಅಂಕ ಕಣ್ಣು ಮುಚ್ಚಿಕೊಂಡು ಕೊಡಬಹುದು. ಉಳಿದ ಒಂದು ಅಂಕ ಯಾಕೆ ಹಿಡಿದಿಟ್ಟುಕೊಂಡೆ ಅನ್ನೋದನ್ನ ಮುಂದೆ ಹೇಳುತ್ತೇನೆ. ಅದರಲ್ಲಿ ಜಾಸ್ತಿ ಪಾಲು ನಿಘಂಟಿನ ತಪ್ಪಲ್ಲ, ದುಡ್ಡಿನ ತಾಪತ್ರಯ.

ನಾನು ಅನುವಾದದ ಕೆಲಸ ಮಾಡುವವಳು. ಕಾದಂಬರಿ, ಆತ್ಮಕಥೆ, ಒಮ್ಮೊಮ್ಮೆ ಜಮೀನಿನ ಹಳೇ ಕಾಗದಪತ್ರ. ಹಾಗಾಗಿ ಕೆಲಸದ ಹೊತ್ತಿನಲ್ಲಿ ಬ್ರೌಸರ್‌ನ ಒಂದು ಟ್ಯಾಬ್‌ನಲ್ಲಿ ಅಲರ್ ತೆರೆದೇ ಇರುತ್ತದೆ. ವಿಳಾಸ ಅಲರ್ ಡಾಟ್ ಇಂಕ್. ಲಾಗಿನ್ ಇಲ್ಲ, ಜಾಹೀರಾತಿಲ್ಲ. ಪದ ಹಾಕೋಕೆ ಒಂದು ಜಾಗ, ಕೆಳಗೆ ಉತ್ತರ. 'ಕಟ್ಟು' ಅಂತ ಹಾಕಿ ನೋಡಿ. ಕ್ರಿಯಾಪದವಾಗಿ ಏನೇನು ಅರ್ಥ, ನಾಮಪದವಾಗಿ ಏನೇನು ಅರ್ಥ ಅಂತ ಬೇರೆ ಬೇರೆ ಸಾಲಾಗಿ ಬರುತ್ತದೆ. ಮನೆ ಕಟ್ಟುವುದು, ದುಡ್ಡು ಕಟ್ಟುವುದು, ಕತೆ ಕಟ್ಟುವುದು, ಸೌದೆಯ ಕಟ್ಟು, ಕಟ್ಟುಪಾಡಿನ ಕಟ್ಟು, ಇವೆಲ್ಲದರ ನಡುವೆ ನನಗೆ ಬೇಕಾದ ಛಾಯೆ ಯಾವುದು ಅಂತ ಆರಿಸಿಕೊಳ್ಳೋದಕ್ಕೆ ಹೀಗೆ ಬಿಡಿಸಿ ಕೊಟ್ಟರೆ ಮಾತ್ರ ಸಾಧ್ಯ. ಒಂದು ಪದಕ್ಕೆ ಒಂದೇ ಅರ್ಥ ಎಸೆದು ಕೈತೊಳೆದುಕೊಳ್ಳುವ ಉಚಿತ ಆ್ಯಪ್‌ಗಳಿಂದ ಅನುವಾದಕರಿಗೆ ಏನೂ ಉಪಯೋಗವಿಲ್ಲ.

ಇನ್ನೊಂದು ಒಳ್ಳೆಯ ಗುಣ, ಕಾಗುಣಿತ ತಪ್ಪಾದರೂ ಅದು ನಿಮ್ಮನ್ನು ಹಾಗೇ ವಾಪಸ್ ಕಳಿಸುವುದಿಲ್ಲ. ಹುಡುಕಾಟದ ಹಿಂದೆ ಕೆಎನ್‌ಫೋನ್ ಅನ್ನುವ ಒಂದು ಪುಟ್ಟ ತಂತ್ರಾಂಶ ಇದೆ. ಪ್ರತಿ ಕನ್ನಡ ಪದವನ್ನು ಅದು ಉಚ್ಚಾರಣೆಯ ಮೇಲೆ ಮೂರು ಸಂಕೇತಗಳಾಗಿ ಮಾಡಿಡುತ್ತದೆ. ಒಂದು ಒರಟು, ಇನ್ನೊಂದು ಸ್ವಲ್ಪ ನಯ, ಮೂರನೆಯದು ಪೂರಾ ಬಿಗಿ. ಮಹಾಪ್ರಾಣ ಬಿಟ್ಟುಹೋದರೂ, ಳ ಬರೆಯುವ ಕಡೆ ಲ ಬರೆದರೂ ಹತ್ತಿರದ ಪದ ಸಿಗಲಿ ಅನ್ನೋದು ಇದರ ಉದ್ದೇಶ. ಶಾಲೆಯಲ್ಲಿ ಇದಕ್ಕೇ ಅಲ್ವಾ ಏಟು ತಿಂದಿದ್ದು. ಇದು ಮುಕ್ತ ತಂತ್ರಾಂಶ, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ, ಬೇಕಾದವರು ತಮ್ಮ ತಾಣಕ್ಕೂ ತೆಗೆದುಕೊಳ್ಳಬಹುದು.

ಈಗ ಒಳಗಿನ ಸರಕಿನ ವಿಷಯ. ಒಂದೂವರೆ ಲಕ್ಷಕ್ಕೂ ಜಾಸ್ತಿ ಕನ್ನಡ ಪದಗಳು, 2,40,000ದಷ್ಟು ಇಂಗ್ಲಿಷ್ ಅರ್ಥಗಳು. ಇದನ್ನೆಲ್ಲ ಕೂಡಿಸಿದ್ದು ವಿ. ಕೃಷ್ಣ ಅನ್ನುವ ಒಬ್ಬರೇ ವ್ಯಕ್ತಿ, ಸುಮಾರು ನಾಲ್ಕು ದಶಕ ಕೂತು. ವಿಶ್ವವಿದ್ಯಾಲಯದ ವಿಭಾಗ ಅಲ್ಲ, ಸಂಪಾದಕ ಮಂಡಳಿ ಅಲ್ಲ. 2019ರಲ್ಲಿ ಕೈಲಾಶ್ ನಾಧ್ ಇದನ್ನು ಅಂತರ್ಜಾಲಕ್ಕೆ ತಂದರು. ಅವರು ಷೇರು ವ್ಯವಹಾರದ ಝೆರೋಧಾ ಕಂಪನಿಯ ತಂತ್ರಜ್ಞಾನದ ಮುಖ್ಯಸ್ಥರು. 2010ರಿಂದಲೇ ಮಲಯಾಳಕ್ಕೆ ಓಳಂ ಅನ್ನುವ ನಿಘಂಟನ್ನು ನಡೆಸಿಕೊಂಡು ಬಂದವರು. ನಮ್ಮ ನಿಘಂಟನ್ನು ನಮ್ಮ ಕೈಗೆ ತಲುಪಿಸೋಕೆ ಒಬ್ಬ ಮಲಯಾಳಿ ಬರಬೇಕಾಯಿತು ಅಂತ ನನ್ನ ಗೆಳತಿಯೊಬ್ಬಳು ಗೊಣಗುತ್ತಾಳೆ. ಬರಲಿ ಬಿಡಿ, ಬಂದರಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ನಿಘಂಟು ಅನ್ನೋದು ಯಾವತ್ತೂ ಯಾರಾದರೂ ಹಿಂದೆ ನಿಂತರಷ್ಟೇ ಆಗುವ ಕೆಲಸ. ಫರ್ಡಿನಾಂಡ್ ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಅದರ ಬೆನ್ನಿಗೆ ಬಾಸೆಲ್ ಮಿಷನ್ ಇತ್ತು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟು ಎಂಟು ಸಂಪುಟ. ಮೊದಲನೆಯದು ಬಂದಿದ್ದು 1970ರಲ್ಲಿ, ಕೊನೆಯದು 1995ರಲ್ಲಿ. ಜಿ. ವೆಂಕಟಸುಬ್ಬಯ್ಯನವರಂಥವರು ಆಯುಷ್ಯದ ದೊಡ್ಡ ಭಾಗ ಸುರಿದ ಕೆಲಸ ಅದು. ಒಂದಕ್ಕೆ ಚರ್ಚಿನ ದುಡ್ಡು, ಇನ್ನೊಂದಕ್ಕೆ ಸರ್ಕಾರದ ಅನುದಾನ. ಅಲರ್‌ನ ಪದಗಳಿಗೆ ಮಾತ್ರ ಒಬ್ಬ ಮನುಷ್ಯನ ಹಟ. ಹಟ ನಂಬಿಕೊಂಡು ಭಾಷೆ ನಡೆಸೋಕಾಗುತ್ತಾ?

ನನಗೆ ಅಲರ್‌ನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಪರವಾನಗಿ. ಇಡೀ ಪದಕೋಶ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿದೆ, ಓಡಿಬಿಎಲ್ ಅನ್ನುವ ಮುಕ್ತ ಪರವಾನಗಿಯಲ್ಲಿ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಆ್ಯಪ್ ಮಾಡಬಹುದು, ಇ-ಪುಸ್ತಕ ಓದುವ ಸಾಧನಕ್ಕೆ ಹಾಕಿಕೊಳ್ಳಬಹುದು, ವ್ಯಾಪಾರಕ್ಕೂ ಬಳಸಬಹುದು. ಮುಖ್ಯ ಷರತ್ತು ಎರಡು. ಮೂಲದ ಹೆಸರು ಹೇಳಬೇಕು. ಪದಕೋಶವನ್ನೇ ತಿದ್ದಿ ಬೆಳೆಸಿ ಹೊರಗೆ ಬಿಟ್ಟರೆ ಅದನ್ನೂ ಇದೇ ರೀತಿ ಮುಕ್ತವಾಗಿ ಕೊಡಬೇಕು. ತಾಣ ನಡೆಸುವ ತಂತ್ರಾಂಶದ ಹೆಸರು ಡಿಕ್ಟ್‌ಪ್ರೆಸ್, ಅದೂ ಮುಕ್ತವೇ. ತುಳುವಿಗೋ ಕೊಡವಕ್ಕೋ ಪದಪಟ್ಟಿ ಇಟ್ಟುಕೊಂಡವರು ಯಾರಾದರೂ ಇದ್ದರೆ, ತಾಣದ ತಂತ್ರಾಂಶ ಬರೆಯೋಕೆ ಮತ್ತೆ ಖರ್ಚು ಮಾಡಬೇಕಿಲ್ಲ.

ಇದಕ್ಕೆ ಉಲ್ಟಾ ಒಂದು ಅನುಭವ ಹೇಳಲೇಬೇಕು. ಸಾರ್ವಜನಿಕರ ದುಡ್ಡಿನಲ್ಲಿ ತಯಾರಾದ ಒಂದು ಪಾರಿಭಾಷಿಕ ಪದಕೋಶ, ಯಾವ ಸಂಸ್ಥೆಯದ್ದು ಅಂತ ಹೇಳುವುದಿಲ್ಲ, ಕೆಲವು ವರ್ಷದ ಹಿಂದೆ ನನಗೆ ತುಂಬಾ ಸಹಾಯಕ್ಕೆ ಬರುತ್ತಿತ್ತು. ಒಂದು ದಿನ ತಾಣ ತೆರೆಯಲಿಲ್ಲ. ಫೋನ್ ಮಾಡಿದರೆ "ಮೇಡಂ, ನಿರ್ವಹಣೆಯ ಟೆಂಡರ್ ಮುಗಿದಿದೆ" ಅಂದರು. ಸರಿ, ಪದಪಟ್ಟಿಯ ಕಡತವನ್ನಾದರೂ ಕೊಡಿ ಅಂದೆ. ಅದು ಗುತ್ತಿಗೆದಾರರ ಹತ್ತಿರ ಇದೆಯಂತೆ! ಯೋಜನೆಗೆ ದುಡ್ಡು ಬಂದಿತ್ತು, ಉದ್ಘಾಟನೆ ಆಗಿತ್ತು, ಹಾರ ಶಾಲು ಎಲ್ಲ ಆಗಿತ್ತು. ಕಡತವನ್ನು ಮುಕ್ತವಾಗಿ ಇಡಬೇಕು ಅಂತ ಒಪ್ಪಂದದಲ್ಲಿ ಒಂದು ಸಾಲು ಇರಲಿಲ್ಲ, ಅಷ್ಟೇ. ಆ ಸಾಲು ಬರೆಯೋಕೆ ಒಂದು ಪೈಸೆ ಖರ್ಚಿಲ್ಲ.

ಈಗ ಹಿಡಿದಿಟ್ಟುಕೊಂಡ ಅಂಕಕ್ಕೆ ಬರುತ್ತೇನೆ. ಅಲರ್ ಕನ್ನಡದಿಂದ ಇಂಗ್ಲಿಷ್‌ಗೆ ಮಾಡಿದ ನಿಘಂಟು. ಇಂಗ್ಲಿಷ್‌ನಿಂದ ಕನ್ನಡಕ್ಕೆ ಹೋಗುವವರಿಗೆ ಬೇರೆ ದಾರಿ ಬೇಕು. ಅರ್ಥ ಇದೆ, ಆದರೆ ವಾಕ್ಯದಲ್ಲಿ ಪದ ಹೇಗೆ ಬಂದಿದೆ ಅಂತ ತೋರಿಸುವ ಬಳಕೆಯ ಸಾಲುಗಳಿಲ್ಲ. ಇನ್ನೊಂದು ಕಷ್ಟ ಕನ್ನಡದ್ದೇ. ನಿಘಂಟಿನಲ್ಲಿ ಪದ ಮೂಲ ರೂಪದಲ್ಲಿ ಇರುತ್ತದೆ, ಓದುವ ಪುಸ್ತಕದಲ್ಲಿ ಹಾಗೆ ಇರುವುದಿಲ್ಲ. 'ಮನೆಯಲ್ಲಿದ್ದವರಿಗೂ' ಅಂತ ಪುಟದಲ್ಲಿ ಕಂಡರೆ ಬಾಲ ಕತ್ತರಿಸಿ 'ಮನೆ' ಮಾಡಿಕೊಳ್ಳುವ ಕೆಲಸ ನಮ್ಮದು. ನನಗೆ ಅದು ಸಲೀಸು. ಅಮೆರಿಕದಲ್ಲಿ ಬೆಳೆದ ನನ್ನ ಅಕ್ಕನ ಮಗಳು ಕನ್ನಡ ಕಲಿಯುತ್ತಿದ್ದಾಳೆ, ಅವಳು ಎಡವುವುದೇ ಇಲ್ಲಿ. "ಚಿಕ್ಕಮ್ಮಾ, ಈ ಪದ ಡಿಕ್ಷನರಿಯಲ್ಲೇ ಇಲ್ಲ" ಅಂತ ಮೆಸೇಜ್ ಮಾಡುತ್ತಾಳೆ. ಇರುತ್ತದೆ, ಬೇರೆ ವೇಷದಲ್ಲಿ.

ಪದದ ಬಾಲ ತಾನಾಗಿಯೇ ಕತ್ತರಿಸಿ ಮೂಲ ರೂಪ ಹೇಳುವ ತಂತ್ರಾಂಶ ಗಟ್ಟಿಯಾಗಿ ಆದರೆ ನಿಘಂಟಿಗೂ ಅನುಕೂಲ, ಕಾಗುಣಿತ ತಿದ್ದುವುದಕ್ಕೂ ಅನುಕೂಲ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡರಲ್ಲೂ ಕಾಗುಣಿತ ನೋಡುವುದು ಹನ್‌ಸ್ಪೆಲ್ ಅನ್ನುವ ಮುಕ್ತ ತಂತ್ರಾಂಶ. ಹಂಗೇರಿಯನ್ ಭಾಷೆಗೆ ಅಂತ ಹುಟ್ಟಿದ್ದು. ಅದೂ ನಮ್ಮ ಥರ ಪದಕ್ಕೆ ಬಾಲದ ಮೇಲೆ ಬಾಲ ಹಚ್ಚುವ ಭಾಷೆ. ಅಂದರೆ ಯಂತ್ರ ತಯಾರಿದೆ. ಬೇಕಿರುವುದು ಕನ್ನಡದ ಪದಪಟ್ಟಿ ಮತ್ತು ಪ್ರತ್ಯಯದ ನಿಯಮಗಳು. ಬರೀ ಪದಪಟ್ಟಿ ಹಾಕಿದರೆ ಸರಿಯಾದ ಪದಗಳ ಕೆಳಗೂ ಕೆಂಪು ಗೆರೆ ಬಂದು ಪುಟವೆಲ್ಲ ರಕ್ತಮಯ. ನಿಯಮ ಬರೆಯೋಕೆ ವ್ಯಾಕರಣ ಗೊತ್ತಿರುವವರು, ಕೋಡ್ ಗೊತ್ತಿರುವವರು ಜೊತೆಗೆ ಕೂರಬೇಕು, ವರ್ಷಗಟ್ಟಲೆ. ಭಾನುವಾರ ಬಿಡುವು ಮಾಡಿಕೊಂಡು ಬರುವ ಸ್ವಯಂಸೇವಕರಿಂದ ಇದು ಮುಗಿಯುವ ಕೆಲಸ ಅಲ್ಲ. ಸಂಬಳ ಬೇಕು.

ಹಾಗಾದರೆ ದುಡ್ಡು ಇಲ್ಲವಾ? ಇದೆ. 2022ರಲ್ಲಿ ಮದ್ರಾಸ್ ಐಐಟಿಯಲ್ಲಿ ಭಾರತೀಯ ಭಾಷೆಗಳಿಗೆ ಎಐ ಕಟ್ಟುವ ಎಐ4ಭಾರತ್‌ಗೆ ನಿಲೇಕಣಿ ದಂಪತಿ 36 ಕೋಟಿ ರೂಪಾಯಿ ಕೊಟ್ಟರು. ಅದೇ ವರ್ಷ ಕೇಂದ್ರ ಸರ್ಕಾರದ ಭಾಷಾ ಅನುವಾದದ ಯೋಜನೆ ಭಾಷಿಣಿ ಶುರುವಾಯಿತು. 2023ರಲ್ಲಿ ಬಂದ ಇಂಡಿಕ್‌ಟ್ರಾನ್ಸ್2 ಅನುವಾದದ ಮಾದರಿ, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಆಗುತ್ತದೆ, ಮುಕ್ತವಾಗಿಯೂ ಇದೆ. ಒಳ್ಳೆಯದೇ. ಸುತ್ತೋಲೆ, ನೋಟಿಸು ಥರದ್ದಕ್ಕೆ ನಾನೂ ಯಂತ್ರದ ಕರಡು ಇಟ್ಟುಕೊಂಡು ತಿದ್ದುತ್ತೇನೆ. ಆದರೆ ದೊಡ್ಡ ದುಡ್ಡೆಲ್ಲ ಎಐ ಕಡೆಗೇ ಹರಿಯುತ್ತಿದೆ. ಕಾಗುಣಿತ ತಿದ್ದುವ ನಿಯಮ, ಕೀಲಿಮಣೆ, ಹಳೇ ಫಾಂಟುಗಳ ಆಸ್ಕಿ ಕಡತವನ್ನು ಈಗ ಎಲ್ಲ ಕಡೆ ಓದಬಹುದಾದ ಯೂನಿಕೋಡ್‌ಗೆ ಬದಲಿಸುವ ಸಾಧನ, ಇವುಗಳ ಹೆಸರು ಹೇಳಿದರೆ ಯಾರ ಕಣ್ಣೂ ಹೊಳೆಯುವುದಿಲ್ಲ.

ಅಂದಹಾಗೆ, ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡದ ಒತ್ತಕ್ಷರ ಅದರ ಜಾಗದಲ್ಲಿ ಸರಿಯಾಗಿ ಕೂತಿದ್ದರೆ ಅದಕ್ಕೆ ಹಾರ್ಫ್‌ಬಝ್ ಅನ್ನುವ ಮುಕ್ತ ತಂತ್ರಾಂಶ ಕಾರಣ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲದರಲ್ಲೂ ಅದೇ. ಅದನ್ನು ಮುಖ್ಯವಾಗಿ ಕಟ್ಟಿದ ಬೆಹದಾದ್ ಎಸ್ಫಾಬೋದ್ ರೆಡ್ ಹ್ಯಾಟ್, ಗೂಗಲ್‌ನಂಥ ಕಂಪನಿಗಳಲ್ಲಿ ಕೆಲಸ ಮಾಡಿದವರು. ಲೋಹಿತ್ ಕನ್ನಡ ಫಾಂಟಿನ ಹಿಂದೆ ರೆಡ್ ಹ್ಯಾಟ್, ನೋಟೊ ಕನ್ನಡದ ಹಿಂದೆ ಗೂಗಲ್. ಕನ್ನಡ ಪರದೆ ಮೇಲೆ ಕಾಣುವುದಕ್ಕೆ ಬೇಕಾದ್ದೆಲ್ಲ ಹೀಗೆ ಹೊರಗಿನ ಸಂಬಳದ ಬಲದಲ್ಲಿ ಆಗಿದೆ. ಅಕ್ಷರ ಕಾಣುವವರೆಗೆ ಅವರಿಗೂ ಲಾಭ ಇತ್ತು. ವಿಭಕ್ತಿ ಪ್ರತ್ಯಯ ಕತ್ತರಿಸುವುದರಲ್ಲಿ ಯಾರಿಗೆ ಲಾಭ?

ಝೆರೋಧಾದವರೇ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಅಂತ ಶುರು ಮಾಡಿದ್ದಾರೆ. ವರ್ಷಕ್ಕೆ 10 ಲಕ್ಷ ಡಾಲರ್, ಜಗತ್ತಿನ ಯಾವ ಮುಕ್ತ ತಂತ್ರಾಂಶಕ್ಕಾದರೂ. ಯೋಜನೆಯವರು ತಮಗೆ ಎಷ್ಟು ಬೇಕು, ಯಾಕೆ ಬೇಕು ಅಂತ ಒಂದು ಚಿಕ್ಕ ಕಡತದಲ್ಲಿ ಬರೆದು ತಮ್ಮ ತಾಣದಲ್ಲಿ ಇಟ್ಟು ಅರ್ಜಿ ಹಾಕಬೇಕು. ಸರಳ ವ್ಯವಸ್ಥೆ, ಆ ಮಟ್ಟಿಗೆ ಭೇಷ್. ಆದರೆ ಒಂದು ಯೋಜನೆಗೆ ಕನಿಷ್ಠ 10,000 ಡಾಲರ್, ಗರಿಷ್ಠ 1 ಲಕ್ಷ ಡಾಲರ್. ಬಹಳ ಜನ ಬಳಸುವ, ಬೇರೆ ತಂತ್ರಾಂಶಗಳಿಗೆ ತಳಪಾಯ ಆಗಿರುವ ಕೆಲಸಕ್ಕೆ ಆದ್ಯತೆ. ಕನ್ನಡದ ಕಾಗುಣಿತ ತಿದ್ದುವ ಸಾಧನವನ್ನು ಜಾಗತಿಕ ಬಳಕೆಯ ಲೆಕ್ಕದಲ್ಲಿ ತೂಗಿದರೆ ಅದು ಪಟ್ಟಿಯ ಕೊನೆಯಲ್ಲೂ ಬರುವುದಿಲ್ಲ. ಬೆಂಗಳೂರಿನ ಫಾಸ್ ಯುನೈಟೆಡ್ ಅನ್ನುವ ಸಂಸ್ಥೆ ಭಾರತದ ಯೋಜನೆಗಳಿಗೇ ಅನುದಾನ ಕೊಡುತ್ತದೆ. ಕನ್ನಡದ ಹುಡುಗ ಹುಡುಗಿಯರು ಮೊದಲು ಅಲ್ಲಿ ಕದ ತಟ್ಟುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ಉಳಿದ ದಾರಿಗಳಲ್ಲಿ ಕಲ್ಲು ಜಾಸ್ತಿ. ವಿದೇಶದ ಕನ್ನಡಿಗರು ಕೊಡೋಕೆ ಸಿದ್ಧ ಇದ್ದರೂ, ಇಲ್ಲಿನ ಟ್ರಸ್ಟ್ ಒಂದು ಅವರ ದುಡ್ಡು ತೆಗೆದುಕೊಳ್ಳಬೇಕಾದರೆ, ಕೊಡುವವರು ಭಾರತದ ಪಾಸ್‌ಪೋರ್ಟ್ ಬಿಟ್ಟವರಾಗಿದ್ದರೆ, ಎಫ್‌ಸಿಆರ್‌ಎ ಅನ್ನುವ ವಿದೇಶಿ ದೇಣಿಗೆಯ ಕಾನೂನಿನಡಿ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿ ಆದಮೇಲೆ ಆ ದುಡ್ಡು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ನಾಲ್ಕು ಜನ ಸ್ವಯಂಸೇವಕರ ಗುಂಪಿಗೆ ಇದೆಲ್ಲ ಆಗುವ ಮಾತಾ? ಕಂಪನಿಗಳ ಸಿಎಸ್‌ಆರ್, ಅಂದರೆ ಸಮಾಜದ ಕೆಲಸಕ್ಕೆ ಕೊಡಬೇಕಾದ ಲಾಭದ ಶೇಕಡಾ 2ರ ಪಾಲು, ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಕಂಪನಿ ಕಾನೂನಿನ ಏಳನೇ ಪಟ್ಟಿಯಲ್ಲಿ, ಅಂದರೆ ಆ ದುಡ್ಡು ಬಳಸಬಹುದಾದ ಕೆಲಸಗಳ ಪಟ್ಟಿಯಲ್ಲಿ, ಶಿಕ್ಷಣ, ಆರೋಗ್ಯ, ಪರಂಪರೆ, ಕಲೆ ಎಲ್ಲ ಇವೆ. ಮುಕ್ತ ತಂತ್ರಾಂಶ ಅಂತ ನೇರ ಹೆಸರಿಲ್ಲ. ಶಿಕ್ಷಣದ ಅಂಗಿ ತೊಡಿಸಿ ಒಳಗೆ ಕಳಿಸಬೇಕು.

ಸರಿ, ಯಾರು ಬಳಸಬೇಕು? ಅನುವಾದಕರು, ಹೊರನಾಡಿನಲ್ಲಿ ಕನ್ನಡ ಓದುವವರು, ಹಳಗನ್ನಡದ ಪದಕ್ಕೆ ಥಟ್ ಅಂತ ಅರ್ಥ ಬೇಕಾದ ವಿದ್ಯಾರ್ಥಿಗಳು, ಇವರಿಗೆ ಕಣ್ಣುಮುಚ್ಚಿ ಹೇಳುತ್ತೇನೆ. ಹಳೇ ಕಾವ್ಯದಲ್ಲಿ ಪದ ಎಲ್ಲಿ ಹೇಗೆ ಬಂದಿದೆ ಅಂತ ಪ್ರಯೋಗ ಬೇಕಾದವರು ಪರಿಷತ್ತಿನ ಸಂಪುಟಗಳಿಗೇ ಹೋಗಬೇಕು, ಅಲರ್ ಅದರ ಬದಲಿ ಅಲ್ಲ. ಕಚೇರಿ ಇಂಗ್ಲಿಷನ್ನು ಕನ್ನಡಕ್ಕೆ ತರುವವರಿಗೆ ಇದರಿಂದ ಅಷ್ಟಾಗಿ ಪ್ರಯೋಜನ ಇಲ್ಲ. ಇನ್ನೊಂದು ಮಾತು, ಗಿಟ್‌ಹಬ್‌ನಲ್ಲಿರುವ ಆ ಪದಕೋಶದ ಕಡತವನ್ನು ಒಂದು ಪ್ರತಿ ಇಳಿಸಿ ನಿಮ್ಮ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ. ಅದು ಬರೀ ಪಠ್ಯ, ಯಾವ ಎಡಿಟರ್‌ನಲ್ಲಾದರೂ ತೆರೆದು ಹುಡುಕಬಹುದು. ಊರಿಗೆ ಹೋದಾಗ ನೆಟ್‌ವರ್ಕ್ ಇಲ್ಲದ ಕಡೆ ನಾನು ಕೆಲಸ ಮಾಡುವುದು ಅದರಲ್ಲೇ.