ನಾರಾಯಣಪುರ ಹಿನ್ನೀರಿನಲ್ಲಿ ಬೋಟಿನ ಹುಡ್: ಮೂರನೇ ವರ್ಷದ ಮಾತು

ಬೋಟಿಗೆ ಹುಡ್, ಅಂದರೆ ಬಿಸಿಲು ಮಳೆ ತಡೆಯುವ ಬಟ್ಟೆಯ ಚಾವಣಿ, ಹೊಲಿಸುವವರು ಮೊದಲು ಕೇಳುವುದು ಬಟ್ಟೆ ಯಾವುದು, ಮೀಟರಿಗೆ ಎಷ್ಟು ಅಂತ. ದಾರದ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಹುಡ್‌ಗೆ ಈಗ ಮೂರನೇ ವರ್ಷ. ಬಟ್ಟೆ ಇನ್ನೂ ಗಟ್ಟಿಯಾಗಿದೆ. ಸೋರಿದ್ದು, ಬಿಚ್ಚಿದ್ದು, ಮತ್ತೆ ಮತ್ತೆ ದುಡ್ಡು ಕೇಳಿದ್ದು ಎಲ್ಲಾ ಹೊಲಿಗೆ, ತೂತು, ಅಂಚುಗಳೇ. ಹಾಗಾಗಿ ಅವುಗಳ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ನಮ್ಮದು 16 ಅಡಿಯ ಫೈಬರ್ ಬೋಟು. ಹಿಂದೆ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್. ಯಾದಗಿರಿ ಜಿಲ್ಲೆಯ ನಾರಾಯಣಪುರದ ಹತ್ತಿರ, ಕೃಷ್ಣಾ ನದಿಯ ಬಸವಸಾಗರ ಅಣೆಕಟ್ಟೆಯ ಹಿನ್ನೀರಿನಲ್ಲಿ ಮೀನಿನ ಕೆಲಸಕ್ಕೆ ಓಡುತ್ತದೆ. ಬಲೆ, ಐಸ್ ಪೆಟ್ಟಿಗೆ, ಕಾಟ್ಲಾ ರೋಹು ತುಂಬಿದ ಬುಟ್ಟಿಗಳು, ಜೊತೆಗೆ ಮೂರ್ನಾಲ್ಕು ಜನ. ಅಣೆಕಟ್ಟೆಯೇ 10 ಕಿಲೋಮೀಟರಿಗಿಂತ ಉದ್ದ ಇರುವ ಜಾಗ ಅದು. ನಡುನೀರಿಗೆ ಹೋದರೆ ಮರ ಇಲ್ಲ, ಮರೆ ಇಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ಬಿಸಿಲು. ಜೂನ್ ಹಿಡಿದರೆ ಪಶ್ಚಿಮದ ಗಾಳಿ, ಆಮೇಲೆ ಓರೆಯಾಗಿ ಹೊಡೆಯುವ ಮಳೆ. ಹರಿಗೋಲಿನಲ್ಲಿ ದುಡಿಯುವವರು ತಲೆಗೆ ಟವೆಲ್ ಸುತ್ತಿಕೊಂಡೇ ಇದನ್ನೆಲ್ಲ ತಾಳಿಕೊಳ್ಳುತ್ತಾರೆ. ಒಂದು ಬೇಸಿಗೆಯಲ್ಲಿ ನನ್ನ ತಮ್ಮನಿಗೆ ಬಿಸಿಲು ಬಡಿದು ಹಾಸಿಗೆ ಹಿಡಿದ. ಬೋಟಿಗೆ ನೆರಳು ಬೇಕೇ ಬೇಕು ಅಂತ ಮನೆಯಲ್ಲಿ ತೀರ್ಮಾನವಾಗಿದ್ದು ಆಗ.

ಬೋಟಿನ ಹುಡ್ ಅಂತಲೇ ಹೊಲಿಯುವವರು ನಮ್ಮ ಕಡೆ ಸಿಗಲಿಲ್ಲ. ಕಲಬುರಗಿಯಲ್ಲಿ ಜೀಪು, ಆಟೊ, ಟ್ರ್ಯಾಕ್ಟರ್ ಹುಡ್ ಹೊಲಿಯುವ ಒಬ್ಬ ಉಸ್ತಾದರ ಹತ್ತಿರ ಹೋದೆವು. ಬೋಟನ್ನೇ ಲಾರಿ ಮೇಲೆ ಹೇರಿಕೊಂಡು ಒಯ್ದೆವು. ಅದು ಒಳ್ಳೆಯದಾಯಿತು. ಈ ಅಳತೆ ಚೀಟಿಯಲ್ಲಿ ಬರೆದು ಕಳಿಸುವಂಥದ್ದಲ್ಲ. ಮೊದಲು ಸ್ಟೀಲ್ ಪೈಪಿನ ಕಮಾನುಗಳನ್ನು ಕೂರಿಸಿದರು. ಅವುಗಳ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಎಳೆದು, ಟೇಪು ಹಚ್ಚಿ, ಮಾರ್ಕರಿನಿಂದ ಗೆರೆ ಹಾಕಿದರು. ಆ ಹಾಳೆ ಕತ್ತರಿಸಿ ಬಟ್ಟೆಯ ಮೇಲಿಟ್ಟು ಅಳತೆ ತೆಗೆದರು. ಬೋಟಿನ ಎರಡೂ ಬದಿ ಒಂದೇ ಥರ ಇರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ನಮ್ಮದರಲ್ಲಿ ಎಡಕ್ಕೂ ಬಲಕ್ಕೂ ಒಂದು ಬೆರಳಿನಷ್ಟು ಫರಕು ಇತ್ತು. ಟಿಚ್ ಬಟನ್‌ಗಳನ್ನು ಬಟ್ಟೆಗೆ ಮೊದಲು ಹಾಕಿದರು. ಆಮೇಲೆ ಮುಂಭಾಗದ ನಡುವಿನಿಂದ ಶುರು ಮಾಡಿ, ಬಟ್ಟೆ ಎಳೆದು ಹಿಡಿದು, ಒಂದೊಂದಾಗಿ ಬೋಟಿನ ಅಂಚಿಗೆ ಗುರುತು ಮಾಡಿದರು. ಹೀಗೆ ಮಾಡಿದ್ದರಿಂದಲೇ ಇವತ್ತಿಗೂ ಎಲ್ಲೂ ಸುಕ್ಕು ಇಲ್ಲ.

ಬಟ್ಟೆಯಲ್ಲಿ ಮೂರು ಆಯ್ಕೆ ಇದ್ದವು. ಹತ್ತಿಯ ದಪ್ಪ ತಾಡಪತ್ರಿ ಗಾಳಿಯಾಡುತ್ತದೆ. ನೀರು ಬಿದ್ದರೆ ನೂಲು ಉಬ್ಬಿ ಸೂಜಿಯ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಒದ್ದೆ ಇದ್ದಾಗ ಮಡಚಿಟ್ಟರೆ ಕೊಳೆಯುತ್ತದೆ. ಹೊರದೇಶದ ಬೋಟುಗಳಿಗೆ ಹಾಕುವುದು ಸನ್‌ಬ್ರೆಲ್ಲಾ ಬ್ರ್ಯಾಂಡಿನ ಥರದ ಅಕ್ರಿಲಿಕ್ ಬಟ್ಟೆ. ಅದರಲ್ಲಿ ಬಣ್ಣ ನೂಲಿನೊಳಗೇ ಇರುತ್ತದೆ, ಬೇಗ ಮಾಸುವುದಿಲ್ಲ, ಗಾಳಿಯೂ ಆಡುತ್ತದೆ. ನೀರು ತಡೆಯುವ ಲೇಪವನ್ನು ಮಾತ್ರ ಕೆಲವು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಬೆಲೆ ಕೇಳಿ ಕೈಬಿಟ್ಟೆವು. ನಾವು ತೆಗೆದುಕೊಂಡದ್ದು ಪಾಲಿಯೆಸ್ಟರ್ ಮೇಲೆ ಪಿವಿಸಿ ಲೇಪ ಇರುವ ಬಟ್ಟೆ, ಚದರ ಮೀಟರಿಗೆ 650 ಗ್ರಾಂ ತೂಕದ್ದು. ಪೈಪು, ಬಟ್ಟೆ, ಕೂಲಿ ಎಲ್ಲಾ ಸೇರಿ 24,000 ರೂಪಾಯಿ ಆಯಿತು.

ಈಗ ಸೋರಿಕೆಯ ವಿಷಯ. ಪಿವಿಸಿ ಬಟ್ಟೆಯ ಮೂಲಕ ಒಂದು ಹನಿಯೂ ಬರುವುದಿಲ್ಲ. ಆದರೆ ಹೊಲಿಗೆ ಹಾಕಿದ ಕಡೆಯೆಲ್ಲ ಸಾಲಾಗಿ ತೂತು. ಹತ್ತಿಯ ಹಾಗೆ ಇದು ಉಬ್ಬಿ ಮುಚ್ಚಿಕೊಳ್ಳುವುದಿಲ್ಲ. ಮೊದಲ ಮಳೆಗಾಲದಲ್ಲೇ ನಡು ಹೊಲಿಗೆಯಿಂದ ತೊಟ್ಟಿಕ್ಕಲು ಶುರುವಾಯಿತು. ಮುಂದಿನ ಬೇಸಿಗೆಯಲ್ಲಿ ಅದೇ ಸಾಲಿನ ದಾರ ಉಗುರಿನಿಂದ ಕೆರೆದರೆ ಪುಡಿಯಾಗುತ್ತಿತ್ತು. ಹಾಕಿದ್ದು ಚಪ್ಪಲಿ, ಚೀಲಕ್ಕೆ ಬಳಸುವ ನೈಲಾನ್ ದಾರ. ಈ ಬಿಸಿಲಿಗೆ ಅದು ನಿಲ್ಲುವುದಿಲ್ಲ. ಉಸ್ತಾದರಿಗೆ ತೋರಿಸಿದಾಗ ಅವರು ಸುತ್ತಿ ಬಳಸಿ ಮಾತಾಡಲಿಲ್ಲ.

"ಬಟ್ಟಿ ಹರಿಯಲ್ರಿ ಸರ, ದಾರ ಮೊದಲ ಹೋಗ್ತದ. ಆಟೊದಾಗ ನಡೀತದ, ಅದು ರಾತ್ರಿ ಮನ್ಯಾಗ ನಿಲ್ತದ. ನಿಮ್ದು ಹಗಲೆಲ್ಲ ಬಿಸಲಾಗೇ ಅದಲ್ರಿ."

ಹೈದರಾಬಾದಿನಿಂದ ಹೊರಾಂಗಣಕ್ಕೆ ಅಂತಲೇ ಮಾಡಿದ, ಬಿಸಿಲು ತಡೆಯುವ ದಪ್ಪ ಪಾಲಿಯೆಸ್ಟರ್ ದಾರ ತರಿಸಿ ಪೂರ್ತಿ ಮತ್ತೆ ಹೊಲಿದರು. ಹೊಲಿಗೆ ಕೂಲಿ ತೆಗೆದುಕೊಳ್ಳಲಿಲ್ಲ. ಈ ಸಲ ಮೂರು ಬದಲಾವಣೆ ಮಾಡಿಸಿದೆವು. ಎರಡು ತುಂಡು ಸೇರುವಲ್ಲಿ ಅಂಚುಗಳನ್ನು ಒಂದರೊಳಗೊಂದು ಮಡಚಿ ಜೋಡಿ ಹೊಲಿಗೆ ಹಾಕಿದರು. ಮೇಲಿನ ತುಂಡು ಕೆಳಗಿನದರ ಮೇಲೆ ಹೆಂಚಿನ ಹಾಗೆ ಬರುವಂತೆ ಜೋಡಿಸಿದರು, ನೀರು ಹೊಲಿಗೆಯೊಳಗೆ ನುಗ್ಗದೆ ಜಾರಿ ಹೋಗಲಿ ಅಂತ. ಕೊನೆಗೆ ಹೊಲಿಗೆಯ ಮೇಲೆ ಎರಡು ಇಂಚು ಅಗಲದ ಪಿವಿಸಿ ಪಟ್ಟಿ ಇಟ್ಟು, ಬಿಸಿಗಾಳಿಯ ಗನ್ ಹಿಡಿದು, ರೋಲರಿನಿಂದ ಒತ್ತಿ ಅಂಟಿಸಿದರು. ಪಿವಿಸಿಗೆ ಪಿವಿಸಿ ಕರಗಿ ಕೂಡಿಕೊಂಡರೆ ಅದಕ್ಕಿಂತ ಭದ್ರ ಇನ್ನೊಂದಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಚಾವಣಿ ಸೋರಿಲ್ಲ.

ಹೊಲಿಗೆ ಸರಿ ಮಾಡಿದರೂ ನೀರು ನಿಂತರೆ ಕಷ್ಟವೇ. ಎರಡು ಕಮಾನುಗಳ ನಡುವೆ ಬಟ್ಟೆ ಜೋತುಬಿದ್ದು ಒಂದು ಬಕೆಟ್ ನೀರು ನಿಲ್ಲುತ್ತಿತ್ತು. ಆ ಭಾರಕ್ಕೆ ಬಟ್ಟೆ ಇನ್ನಷ್ಟು ಹಿಗ್ಗುತ್ತದೆ, ಮತ್ತಷ್ಟು ನೀರು ನಿಲ್ಲುತ್ತದೆ. ನಡುವೆ ಇನ್ನೊಂದು ಕಮಾನು ಸೇರಿಸಿ, ಅದನ್ನು ಉಳಿದವಕ್ಕಿಂತ ಸ್ವಲ್ಪ ಎತ್ತರ ಇಟ್ಟ ಮೇಲೆ ನೀರು ಎರಡೂ ಕಡೆ ಇಳಿದು ಹೋಗುತ್ತಿದೆ. ಹೊಸದಾಗಿ ಮಾಡಿಸುವವರು ಇದನ್ನು ಮೊದಲೇ ಹೇಳಿ ಮಾಡಿಸಿ.

ಟಿಚ್ ಬಟನ್ ಮತ್ತು ಪೈಪಿನ ಕಾಲುಗಳಿಗಾಗಿ ಬೋಟಿನ ಅಂಚಿಗೆ ಸ್ಕ್ರೂ ಹಾಕಬೇಕಾಗುತ್ತದೆ. ಇಲ್ಲಿ ಮಾತ್ರ ಉಸ್ತಾದರಿಗೆ ಹೊಸ ಅನುಭವ, ಜೀಪಿನ ತಗಡಿಗೆ ಹಾಕಿದ ಹಾಗಲ್ಲ. ಫೈಬರಿನ ಮೇಲಿರುವ ಹೊಳಪಿನ ಪದರ, ಜೆಲ್‌ಕೋಟ್, ಗಾಜಿನ ಹಾಗೆ ಪೆಡಸು. ಡ್ರಿಲ್ ಮಾಡಿದ ತೂತಿನ ಬಾಯಿಯನ್ನು ಸ್ವಲ್ಪ ಅಗಲ ಮಾಡಿ ಇಳಿಜಾರು ಮಾಡದಿದ್ದರೆ, ಸ್ಕ್ರೂ ಬಿಗಿಯುವಾಗ ಸುತ್ತ ಬಿರುಕು ಬಿಡುತ್ತದೆ. ಪ್ರತಿ ಸ್ಕ್ರೂ ಕೆಳಗೆ ಬ್ಯುಟೈಲ್ ಟೇಪಿನ, ಅಂದರೆ ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿಯ, ಚೂರು ಸುತ್ತಿ ಬಿಗಿದೆವು. ಅದು ಹಿಂಡಿಕೊಂಡು ಹೊರಬರುವವರೆಗೆ ನಿಧಾನವಾಗಿ ತಿರುಗಿಸಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ ಅಂತ ಸಿಲಿಕಾನ್ ಹಚ್ಚಬೇಡಿ. ಮುಂದೆ ಅದನ್ನು ಕಿತ್ತರೂ ಜಿಡ್ಡು ಉಳಿಯುತ್ತದೆ, ಆ ಜಾಗಕ್ಕೆ ಬೇರೆ ಏನೂ ಹಿಡಿಯುವುದಿಲ್ಲ. ನಮ್ಮದು ಸಿಹಿನೀರು, ಹಾಗಾಗಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ, ಪೈಪು ಸಾಕು. ಸಮುದ್ರದಲ್ಲಾದರೆ ತುಕ್ಕು ಇನ್ನೂ ಚೆನ್ನಾಗಿ ತಡೆಯುವ 316 ಬೇಕು.

ಮುಂದಿನ ಗಾಳಿಮರೆಗೆ ಹಾಕಿದ ಗಾಜಿನಂಥ ಪ್ಲಾಸ್ಟಿಕ್ ಶೀಟು 1 ಮಿಲಿಮೀಟರ್ ದಪ್ಪದ್ದು. ಈ ಹುಡ್‌ನಲ್ಲಿ ನನಗೆ ತೃಪ್ತಿ ಇಲ್ಲದ ಭಾಗ ಇದೊಂದೇ. ಬಿಸಿಲಿಗೆ ಕಾದ ಪೈಪು ತಾಗಿದ ಕಡೆ ಕಂದು ಗೆರೆ ಬಿದ್ದಿದೆ. ಈಗ ಪೈಪಿಗೆ ಬಿಳಿ ಬಟ್ಟೆ ಸುತ್ತಿದ್ದೇವೆ. ನಮ್ಮ ಎರೆಮಣ್ಣಿನ ಧೂಳನ್ನು ಒಣ ಬಟ್ಟೆಯಿಂದ ಒರೆಸಿದರೆ ಗೀರು ಗ್ಯಾರಂಟಿ. ಮೊದಲು ನೀರು ಸುರಿದು, ಆಮೇಲೆ ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಗಾಜು ಒರೆಸುವ ಅಮೋನಿಯಾ ದ್ರಾವಣ ಬೇಡ. ಸೊಳ್ಳೆ ಕ್ರೀಮ್ ಹಚ್ಚಿದ ಕೈಯಿಂದ ಮುಟ್ಟಿದರೂ ಮಬ್ಬಾಗುತ್ತದೆ. ಇದನ್ನು ಮಡಚಬಾರದು, ಸುರುಳಿ ಸುತ್ತಬೇಕು. ಇನ್ನೊಂದು ವಿಷಯ: ಚಳಿಗೆ ಶೀಟು ಕುಗ್ಗುತ್ತದೆ. ಡಿಸೆಂಬರ್ ಬೆಳಗಿನ ಜಾವ ಜಿಪ್ ಎಳೆದರೆ ಬರುವುದಿಲ್ಲ. ಜೋರು ಮಾಡಿದರೆ ಹಲ್ಲು ಕೀಳುತ್ತದೆ. ಬಿಸಿಲೇರುವವರೆಗೆ ಕಾದರೆ ತಾನೇ ಸಲೀಸು. ಜಿಪ್ ದಪ್ಪ ಪ್ಲಾಸ್ಟಿಕ್ ಹಲ್ಲಿನದ್ದು, 10 ನಂಬರ್. ಆಗಾಗ ಮೇಣದಬತ್ತಿ ಉಜ್ಜುತ್ತೇವೆ, ಅಷ್ಟೇ ಅದಕ್ಕೆ ಮಾಡುವ ಆರೈಕೆ.

ಪಿವಿಸಿ ಗಾಳಿಯಾಡದ ಬಟ್ಟೆ. ರಾತ್ರಿ ಪೂರ್ತಿ ಮುಚ್ಚಿಟ್ಟರೆ ಬೆಳಿಗ್ಗೆ ಒಳಗೆಲ್ಲ ಬೆವರಿರುತ್ತದೆ, ಬಲೆ ಒಣಗುವುದಿಲ್ಲ, ಕಪ್ಪು ಬೂಷ್ಟು ಹಿಡಿಯುತ್ತದೆ. ಎರಡು ಮೂಲೆ ತೆರೆದಿಟ್ಟು ಕಟ್ಟುವ ರೂಢಿ ಮಾಡಿಕೊಂಡಿದ್ದೇವೆ.

ಎರಡು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ, ಜೀವದ ಪ್ರಶ್ನೆ. ಎಂಜಿನ್ ಓಡುವಾಗ ಹಿಂದೆ ಮಾತ್ರ ತೆರೆದು, ಮುಂದೆ ಮತ್ತು ಪಕ್ಕ ಪೂರ್ತಿ ಮುಚ್ಚಬೇಡಿ. ಬೋಟು ಮುಂದೆ ಸಾಗಿದಂತೆ ಎಂಜಿನ್ ಹೊಗೆ ಹಿಂದಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಅದರಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತೂಕಡಿಕೆ ಅನ್ನಿಸುವಷ್ಟರಲ್ಲಿ ಅದು ರಕ್ತಕ್ಕೆ ಸೇರಿರುತ್ತದೆ. ಮುಂದಿನ ಶೀಟಿನ ಜಿಪ್ ಅರ್ಧ ತೆರೆದಿಟ್ಟರೆ ಗಾಳಿ ಹಾಯ್ದು ಹೋಗುತ್ತದೆ. ಎರಡನೆಯದು ಗಾಳಿ. ಜೂನ್, ಜುಲೈಯಲ್ಲಿ ನಾಲ್ಕೂ ಕಡೆ ಮುಚ್ಚಿದ ಹುಡ್ ಇಟ್ಟುಕೊಂಡು ನಡುನೀರಿಗೆ ಹೋದರೆ ಗಾಳಿ ಬೋಟನ್ನು ಹಿಡಿದು ಪಕ್ಕಕ್ಕೆ ತಳ್ಳುತ್ತದೆ, ವಾಲಿಸುತ್ತದೆ. ಅಂಥ ದಿನ ಪಕ್ಕದ ಪರದೆ ಸುತ್ತಿ ಕಟ್ಟುತ್ತೇವೆ. ಗಾಳಿ ಇನ್ನೂ ಜೋರಾದರೆ ಚಾವಣಿಯನ್ನೂ ಇಳಿಸುತ್ತೇವೆ, ನೆನೆದರೂ ಪರವಾಗಿಲ್ಲ.

ಇಷ್ಟೆಲ್ಲ ಆದ ಮೇಲೂ ಇನ್ನೊಂದು ಬೋಟಿಗೆ ಮಾಡಿಸಬೇಕಾದರೆ ಇದೇ ಬಟ್ಟೆ, ಇದೇ ಉಸ್ತಾದರು. ತಪ್ಪು ಕಂಡಾಗ ಒಪ್ಪಿಕೊಂಡು ಮತ್ತೆ ಹೊಲಿದುಕೊಟ್ಟ ಕೈ ಅದು. ಮಧ್ಯಾಹ್ನ ಹನ್ನೆರಡಕ್ಕೆ ನೆರಳಲ್ಲಿ ಕೂತು ಬಲೆ ಬಿಡಿಸುವ ತಮ್ಮನನ್ನು ನೋಡಿದರೆ 24,000 ಹೆಚ್ಚು ಅನ್ನಿಸುವುದಿಲ್ಲ. ಕಮಾನು, ಚಾವಣಿ ಹಾಗೇ ಇಟ್ಟುಕೊಂಡು ಈ ವರ್ಷ ಮುಂದಿನ ಶೀಟು ಮಾತ್ರ ಬದಲಿಸುತ್ತಿದ್ದೇವೆ. ಅದೂ ಮೇ ತಿಂಗಳೊಳಗೆ ಆಗಬೇಕು. ಜೂನ್ ಬಂತೆಂದರೆ ಉಸ್ತಾದರ ಅಂಗಡಿ ಮುಂದೆ ಆಟೊಗಳ ಸಾಲು, ನಮ್ಮ ಪಾಳಿ ಬರುವಷ್ಟರಲ್ಲಿ ಮಳೆ ಹಿಡಿದಿರುತ್ತದೆ.