ದೊಡ್ಡ ಡಬ್ಬಿಯೋ, ಎರಡು ಬಕೆಟ್ಟೋ? ಎರಡೂ ಬಳಸಿ ನೋಡಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎರಡು ಬಕೆಟ್ಟಿಗೆ. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ, ಜೋಡಿಗೆ 280 ರೂಪಾಯಿ. ಆದರೆ ಅದಕ್ಕೂ ಮುಂಚೆ 1,900 ರೂಪಾಯಿ ಕೊಟ್ಟು ಚಕ್ರ ಇರುವ 120 ಲೀಟರಿನ ಡಬ್ಬಿ ತಂದು ಒಂದು ಬೇಸಿಗೆ ಪೂರ್ತಿ ಒದ್ದಾಡಿದ್ದೇವೆ.

ನಮ್ಮ ಮನೆ ಕಲಬುರಗಿಯ ರಿಂಗ್ ರೋಡ್ ಆಚೆ. ನಾನು, ನಮ್ಮವರು ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೇ ಪಾಲಿಕೆಯ ಕಸದ ಗಾಡಿ ಬರುತ್ತೆ, ಆಗ ಓಡುವುದು ಯಾರು? ಟಂಟಂ ಆಟೋದಲ್ಲಿ ಖಾಸಗಿಯಾಗಿ ಕಸ ಒಯ್ಯುವ ಒಬ್ಬರಿಗೆ ತಿಂಗಳಿಗೆ 150 ರೂಪಾಯಿ ಒಪ್ಪಿಕೊಂಡೆವು. ಬೇರೆ ಬೇರೆ ಮಾಡೋದು ಬೇಡ, ಎಲ್ಲ ಒಂದರಲ್ಲೇ ಹಾಕಿ, ಎರಡು ದಿನಕ್ಕೊಮ್ಮೆ ಬರ್ತೀನಿ ಅಂದರು. ಅದಕ್ಕೇ ದೊಡ್ಡ ಡಬ್ಬಿ.

ಕಾಟ ಕೊಟ್ಟಿದ್ದು ಮುಚ್ಚಳ. ಏಪ್ರಿಲ್ ಕೊನೆ, ಬಿಸಿಲು 42 ದಾಟಿತ್ತು, ಡಬ್ಬಿ ಇದ್ದಿದ್ದು ಗೇಟಿನ ಪಕ್ಕ ನೆರಳೇ ಇಲ್ಲದ ಜಾಗದಲ್ಲಿ. ಎರಡೇ ವಾರಕ್ಕೆ ಮುಚ್ಚಳ ಒಂದು ಮೂಲೆಯಲ್ಲಿ ಬಾಗಿ ಮೇಲೆದ್ದಿತು. ಎರಡು ಬೆರಳು ತೂರುವಷ್ಟು ಸಂದು, ಅಷ್ಟೇ. ನೊಣಕ್ಕೆ ಅಷ್ಟು ಸಾಕಲ್ವಾ? ಮೇಲೆ ಇಟ್ಟಿಗೆ ಇಟ್ಟೆ, ಇನ್ನೊಂದು ಮೂಲೆ ಎದ್ದಿತು. ಹಗ್ಗ ಕಟ್ಟಿದೆ, ರಾತ್ರಿ ನಾಯಿ ಎಳೆದು ಡಬ್ಬಿಯನ್ನೇ ಕೆಡವಿತು. ಆಮೇಲೆ ಕಸ ಒಯ್ಯುವವರು ನಾಲ್ಕು ದಿನ ಬರಲಿಲ್ಲ. ಒಳಗೆ ಮಾವಿನ ಸಿಪ್ಪೆ, ಉಳಿದ ಬೇಳೆ, ಹಾಲಿನ ಪಾಕೀಟು, ಹಳೆ ಪೇಪರ್ ಎಲ್ಲ ಒಟ್ಟಿಗೆ ಕೊಳೆತು ತಳದಲ್ಲಿ ಕಪ್ಪು ನೀರು ನಿಂತಿತ್ತು, ಮುಚ್ಚಳದ ಒಳಮೈಗೆ ಅಕ್ಕಿಕಾಳಿನಂಥ ಬಿಳಿ ಹುಳು ಹತ್ತುತ್ತಿದ್ದವು. ಅದನ್ನು ನನ್ನ ಕೈಯಿಂದಲೇ ತೊಳೆದಿದ್ದೇನೆ. ಆ ವಾಸನೆ ಇನ್ನೂ ಮರೆತಿಲ್ಲ.

ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇನ್ನೊಂದು. ನಮ್ಮದೇ ಮನೆಯ ವಿಳಾಸ ಇದ್ದ ಕೊರಿಯರ್ ಕವರ್ ಹಿಂದಿನ ಖಾಲಿ ಸೈಟಿನಲ್ಲಿ ಸಿಕ್ಕಿತು. ಅಂದರೆ ನಾವು ದುಡ್ಡು ಕೊಟ್ಟ ಕಸ ಎರಡು ಬೀದಿ ಕೂಡ ದಾಟಿರಲಿಲ್ಲ.

ಆಗ ನಿಯಮ ಓದಿದೆ. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿಯಮದ ಪ್ರಕಾರ ಹಸಿ, ಒಣ, ಅಪಾಯಕಾರಿ ಅಂತ ಮೂರು ಭಾಗ ಮಾಡಬೇಕಾಗಿದ್ದವರು ಮನೆಯವರೇ. ಡೈಪರ್, ಪ್ಯಾಡ್ ಸುತ್ತಿ ಒಣ ಕಸಕ್ಕೆ ಹಾಕಬೇಕಿತ್ತು. ರಸ್ತೆಗೆ, ಚರಂಡಿಗೆ ಎಸೆಯುವ ಹಾಗಿಲ್ಲ, ಸುಡುವ ಹಾಗೂ ಇಲ್ಲ. ಕಸ ಯಾರೇ ಒಯ್ಯಲಿ, ಬೇರೆ ಮಾಡುವ ಕೆಲಸ ನಮ್ಮದೇ. ಎಲ್ಲ ಒಂದರಲ್ಲೇ ಹಾಕಿ ಅಂದವರ ಮಾತು ನಂಬಬಾರದಿತ್ತು.

ಈಗ ಹಸಿರು ಬಕೆಟ್ಟು ಅಡುಗೆಮನೆಯ ಸಿಂಕಿನ ಕೆಳಗೆ, ನೆರಳಲ್ಲಿ. ತಳಕ್ಕೆ ಒಂದು ಪೇಪರ್ ಹಾಸಿದರೆ ತೊಳೆಯುವುದೂ ಸುಲಭ. ನಾವು ಐದು ಜನ, ದಿನಕ್ಕೆ ಅರ್ಧ ಬಕೆಟ್ಟು ತುಂಬುತ್ತೆ. ಪಾಲಿಕೆಯ ಗಾಡಿ ಬರುವ ಹೊತ್ತಿಗೆ ಅತ್ತೆ ಗೇಟಿನ ಹತ್ತಿರ ಇಟ್ಟಿರುತ್ತಾರೆ. ಒಂದು ದಿನ ಗಾಡಿ ತಪ್ಪಿದರೆ ಹಸಿ ಕಸ ಮಾತ್ರ ತಲೆನೋವು. ಒಣ ಕಸ ವಾರ ಇಟ್ಟರೂ ಏನಾಗಲ್ಲ, ರದ್ದಿಯವನು ರಟ್ಟಿಗೆ, ಬಾಟಲಿಗೆ ದುಡ್ಡು ಕೊಟ್ಟು ಒಯ್ಯುತ್ತಾನೆ. ಹಳೆ ಸೆಲ್ಲು, ಬಲ್ಬು, ಅವಧಿ ಮುಗಿದ ಮಾತ್ರೆ ಒಂದು ಶೂ ಡಬ್ಬಿಯಲ್ಲಿ.

ಬೆಳಿಗ್ಗೆ ಮನೆಯಲ್ಲಿ ಯಾರೂ ಇರದಿದ್ದರೆ ಖಾಸಗಿಯವರೇ ಬೇಕಾಗಬಹುದು. ಹಾಗಿದ್ದರೂ ಎರಡು ಬಕೆಟ್ಟಲ್ಲೇ ಕೊಡಿ, ಕಸ ಎಲ್ಲಿಗೆ ಹೋಗುತ್ತೆ ಅಂತ ಒಂದು ದಿನ ಹಿಂದೆ ಹೋಗಿ ನೋಡಿ.

ದೊಡ್ಡ ಡಬ್ಬಿ ಮಾರಲಿಲ್ಲ. ತಳಕ್ಕೆ ತೂತು ಕೊರೆದು ಬೇವಿನ ಮರದ ಕೆಳಗೆ ಇಟ್ಟಿದ್ದೇವೆ, ಉದುರಿದ ಎಲೆಯನ್ನೆಲ್ಲ ಅದಕ್ಕೇ ತುಂಬುತ್ತೇವೆ.